ಬಿಲ್ಲು, ಸ್ಟಿಕ್ಕರ್, ತಾರೀಖು

ನಾನು ಓದಿದ್ದು ಬಿ.ಫಾರ್ಮ್. ಕೆಲಸ ಮಾರತ್ತಹಳ್ಳಿಯ ಒಂದು ಆಫೀಸಿನಲ್ಲಿ. ಅಮೆರಿಕದ ವಕೀಲರು ರೋಗಿಗಳ ಆಸ್ಪತ್ರೆ ದಾಖಲೆ ಕಳಿಸುತ್ತಾರೆ. ಓದಿ, ಯಾವ ತಾರೀಖಿಗೆ ಏನಾಯಿತು ಅಂತ ನಾವು ಬರೆದು ಕೊಡುತ್ತೇವೆ. ಮಾತ್ರೆಯಿಂದಲೋ, ಮೈಯೊಳಗೆ ಕೂರಿಸಿದ ಇಂಪ್ಲಾಂಟ್‌ನಿಂದಲೋ ತೊಂದರೆಯಾದ ಸಾವಿರಾರು ಜನ ಒಂದೇ ಕಂಪನಿ ಮೇಲೆ ಹಾಕುವ ಕೇಸುಗಳಿವು. ಅಲ್ಲಿ ಮಾಸ್ ಟಾರ್ಟ್ ಅನ್ನುತ್ತಾರೆ.

ಕ್ಲಾಸ್ ಆಕ್ಷನ್ ಬೇರೆ. ಅದರಲ್ಲಿ ಒಬ್ಬಿಬ್ಬರು ಎಲ್ಲರ ಪರವಾಗಿ ನಿಲ್ಲುತ್ತಾರೆ. ಇಲ್ಲಿ ಪ್ರತಿಯೊಬ್ಬರದೂ ಅವರವರದೇ ಕೇಸು. ಬೇರೆ ಬೇರೆ ಫೆಡರಲ್, ಅಂದರೆ ಕೇಂದ್ರದ ಕೋರ್ಟುಗಳಲ್ಲಿ ಇರುವ ಇಂಥ ಕೇಸುಗಳನ್ನು ಒಬ್ಬ ಜಡ್ಜ್ ಮುಂದೆ ತರುವುದಕ್ಕೆ ಎಂಡಿಎಲ್ ಎಂದು ಹೆಸರು. ಮಾದರಿಗೆ ಕೆಲವನ್ನು ಮೊದಲು ನಡೆಸುತ್ತಾರೆ. ಅವುಗಳ ತೀರ್ಪು ನೋಡಿಕೊಂಡು ಎಷ್ಟೋ ಸಲ ರಾಜಿ ಮಾತು ಶುರುವಾಗುತ್ತದೆ.

ನನಗೆ ಇದೆಲ್ಲ ಅರ್ಥವಾಗಿದ್ದು ವಯಾಕ್ಸ್ ಕೇಸಿನಿಂದ. ಕೀಲುನೋವಿನ ಮಾತ್ರೆ. ಹೃದಯಾಘಾತದ ಅಪಾಯ ಕಂಡುಬಂದು ಮರ್ಕ್ ಕಂಪನಿ 2004ರ ಸೆಪ್ಟೆಂಬರ್‌ನಲ್ಲಿ ವಾಪಸ್ ತೆಗೆದುಕೊಂಡಿತು. 2007ರಲ್ಲಿ 485 ಕೋಟಿ ಡಾಲರಿಗೆ ರಾಜಿಯಾಯಿತು. ಆದರೆ ದುಡ್ಡು ಸುಮ್ನೆ ಸಿಗುತ್ತಿರಲಿಲ್ಲ. ಮೂರು ಗೇಟು ದಾಟಬೇಕಿತ್ತು. ಹೃದಯಾಘಾತ ಅಥವಾ ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಗಿರಬೇಕು. ಕನಿಷ್ಠ 30 ಮಾತ್ರೆ ಸಿಕ್ಕಿರಬೇಕು. ತೊಂದರೆಗೆ ಮುಂಚಿನ 14 ದಿನದೊಳಗೆ ಮಾತ್ರೆ ತಗೊಂಡಿರಬೇಕು. ಮೂರಕ್ಕೂ ಕಾಗದ ಬೇಕು.

ಹಾಗಾಗಿ ನಾನು ಫೈಲನ್ನು ಮೊದಲ ಪುಟದಿಂದ ಓದುವುದಿಲ್ಲ. ಮೊದಲು ಔಷಧಿ ಅಂಗಡಿಯ ದಾಖಲೆ: ಯಾವಾಗ ಕೊಂಡರು, ಎಷ್ಟು ಮಾತ್ರೆ. ಇಂಪ್ಲಾಂಟ್ ಆದರೆ ಆಪರೇಷನ್ ದಾಖಲೆಯಲ್ಲಿ ಅಂಟಿಸಿದ ಸ್ಟಿಕ್ಕರ್. ಲಾಟ್ ನಂಬರ್, ಅಂದರೆ ಅದು ಯಾವ ಬ್ಯಾಚಿನದು ಅನ್ನುವ ನಂಬರ್, ಇರುವುದು ಅದರಲ್ಲೇ. ಅದು ಸಿಗದೆ ಉಳಿದದ್ದು ಓದಿ ಏನು ಪ್ರಯೋಜನ, ಹೇಳಿ? ಆಮೇಲೆ ನರ್ಸ್‌ಗಳ ಟಿಪ್ಪಣಿ. ಡಾಕ್ಟರ್ ಬರೆಯದ್ದು ಅಲ್ಲಿರುತ್ತದೆ, 'ರೋಗಿ ಮಾತ್ರೆ ನಿಲ್ಲಿಸಿದ್ದಾರಂತೆ' ಅನ್ನುವಂಥದ್ದು. ಸಿಗರೇಟು, ಸಕ್ಕರೆ ಕಾಯಿಲೆ, ಹಳೇ ಹೃದ್ರೋಗ, ಎಲ್ಲವನ್ನೂ ಬರೆಯುತ್ತೇನೆ. ಮುಚ್ಚಿಟ್ಟರೆ ಎದುರು ಪಾರ್ಟಿಯ ವಕೀಲರು ಹೇಗೂ ಹುಡುಕುತ್ತಾರೆ.

ನಮ್ಮ ದೇಶದಲ್ಲಿ ಈ ಕಾಗದದ್ದೇ ತಾಪತ್ರಯ. ಡಿಪ್ಯೂ ಕಂಪನಿ ಎಎಸ್‌ಆರ್ ಎಂಬ ಕೃತಕ ಸೊಂಟದ ಕೀಲನ್ನು 2010ರಲ್ಲಿ ವಾಪಸ್ ಕರೆದಾಗ, ಅದನ್ನು ಹಾಕಿಸಿಕೊಂಡ ಭಾರತದ ರೋಗಿಗಳಲ್ಲಿ ಎಷ್ಟೋ ಜನ ಪತ್ತೆಯೇ ಆಗಲಿಲ್ಲ. ವಿಜಯನಗರದ ನಮ್ಮತ್ತೆ ಮಂಡಿ ಬದಲಿಸಿಕೊಂಡಾಗ ಡಿಸ್ಚಾರ್ಜ್ ಸಮರಿಯಲ್ಲಿ ಕಂಪನಿ ಹೆಸರೂ ಇರಲಿಲ್ಲ. ಏನೂ ತೊಂದರೆ ಆಗಿಲ್ಲ, ಆದರೂ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ (ಎಂಆರ್‌ಡಿ) ಅರ್ಜಿ ಕೊಡಿಸಿದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ನಡವಳಿಕೆ ನಿಯಮವೇ ಇದೆ. "ಯಾರ ಮೇಲೋ ಕೇಸ್ ಹಾಕ್ತೀಯೇನೇ?" ಅಂದರು ಅತ್ತೆ. "ಇಲ್ಲ ಅತ್ತೆ, ನಂಬರ್ ಇರಲಿ ಅಂತ" ಅಂದೆ.

ಕೇಸು ಹಾಕುವ ಹಾಗೇ ಆದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಕೆಟ್ಟ ಉತ್ಪನ್ನಕ್ಕೆ ತಯಾರಕರನ್ನೇ ಹೊಣೆ ಮಾಡಬಹುದು. ಒಂದೇ ತೊಂದರೆ ಇರುವ ಹಲವರು ಗ್ರಾಹಕ ಆಯೋಗದ ಅನುಮತಿ ಪಡೆದು ಒಟ್ಟಿಗೇ ದೂರು ಕೊಡಬಹುದು. ಗಡುವು ಎರಡು ವರ್ಷ.