ಮೈಸೂರಲ್ಲಿ ಫೋಟೋ ತೆಗೆಯೋಕೆ ಜಂಬೂಸವಾರಿ ದಿನದವರೆಗೆ ಕಾಯಬೇಡಿ

ದಸರಾ ಹತ್ತಿರ ಬಂದರೆ ಸಾಕು, ಜಂಬೂಸವಾರಿ ಫೋಟೋಗೆ ಎಲ್ಲಿ ನಿಲ್ಲಬೇಕು ಅಂತ ಕೇಳುವವರೇ ಜಾಸ್ತಿ. ನನ್ನ ಕೇಳಿದರೆ ಅವತ್ತು ಕ್ಯಾಮೆರಾ ಮನೆಯಲ್ಲಿಟ್ಟು ಟಿವಿ ನೋಡಿದರೂ ನಷ್ಟವಿಲ್ಲ. ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಿಗ್ಗೆಯಿಂದಲೇ ಜಾಗ ಹಿಡಿದು ಕೂತಿರುತ್ತಾರೆ, ಮರದ ಮೇಲೂ ಜನ, ಕಟ್ಟಡದ ಮೇಲೂ ಜನ, ಕೊನೆಗೆ 750 ಕೆಜಿ ಅಂಬಾರಿ ಹೊತ್ತ ಆನೆ ಎದುರಿಗೆ ಬಂದಾಗ ನಿಮ್ಮ ಫೋಟೋ ತುಂಬಾ ಮುಂದಿನವರು ಎತ್ತಿ ಹಿಡಿದ ಮೊಬೈಲುಗಳೇ.

ಅದರ ಬದಲು ತಾಲೀಮಿಗೆ ಹೋಗಿ. ಗಜಪಡೆ ವಾರಗಟ್ಟಲೆ ಮೊದಲೇ ಕಾಡಿನಿಂದ ಬಂದಿರುತ್ತದೆ. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿ.ಮೀ., ಅದೇ ದಾರಿಯಲ್ಲಿ ಆನೆಗಳನ್ನು ನಡೆಸುತ್ತಾರೆ. ಮೊದಲು ಬರೀ ನಡಿಗೆ, ಆಮೇಲೆ ಮರಳಿನ ಮೂಟೆ, ಕೊನೆಗೆ ಮರದ ಅಂಬಾರಿ. ಬೆಳಿಗ್ಗೆ ಹೊತ್ತು ಅಂಗಡಿ ಬಾಗಿಲು ತೆಗೆಯುವವರು, ಬಸ್ಸಿಗೆ ಕಾಯುವವರು, ಸ್ಕೂಲ್ ಬ್ಯಾಗಿನ ಮಕ್ಕಳು ಇವರೆಲ್ಲರ ಪಕ್ಕದಲ್ಲೇ ಆನೆ ಹಾದುಹೋಗುತ್ತದೆ. ಊರು, ಉತ್ಸವ ಎರಡೂ ಒಂದೇ ಫೋಟೋದಲ್ಲಿ ಸಿಗುವುದು ಆಗ ಮಾತ್ರ. ಹಾಗಾಗಿ ಆನೆ ಮುಖಕ್ಕೆ ಝೂಮ್ ಮಾಡಬೇಡಿ, ರಸ್ತೆಯೂ ಕಾಣಲಿ. ಬೆಳಕು ಕಮ್ಮಿ ಇದ್ದರೂ ಶಟರ್ ವೇಗ 1/250 ಸೆಕೆಂಡಿಗಿಂತ ಇಳಿಸದೆ ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) ಏರಿಸಿ, ಫೋಟೋ ಸ್ವಲ್ಪ ತರಿತರಿ ಆದರೆ ಆಗಲಿ, ಅಲುಗಾಡಿದ್ದಕ್ಕಿಂತ ವಾಸಿ. ಡೊಳ್ಳು ಕುಣಿತಕ್ಕೆ 1/500 ಆದರೂ ಬೇಕು. ಆನೆಗಳ ಹತ್ತಿರ ಫ್ಲಾಶ್ ಬೇಡವೇ ಬೇಡ. ಮಾವುತರು ದೂರ ನಿಲ್ಲಿ ಅಂದರೆ ವಾದ ಮಾಡದೆ ದೂರ ನಿಲ್ಲಿ.

ದೀಪ ಹಚ್ಚಿದ ಅರಮನೆಗೆ ದಸರಾವೇ ಆಗಬೇಕಿಲ್ಲ, ಭಾನುವಾರ ಸಂಜೆ 7ಕ್ಕೂ ದೀಪ ಹಾಕುತ್ತಾರೆ. ಅಕ್ಟೋಬರಿನಲ್ಲಿ ಸೂರ್ಯ 6 ಗಂಟೆ ದಾಟುತ್ತಿದ್ದಂತೆ ಮುಳುಗುತ್ತಾನೆ, 7ಕ್ಕೆ ಆಕಾಶ ಕಪ್ಪು. ಜೂನ್, ಜುಲೈನಲ್ಲಿ ಮುಳುಗುವುದೇ 6.50ರ ಆಸುಪಾಸು. ಮೋಡ ಕೈಕೊಡದಿದ್ದರೆ ದೀಪದ ಹಿಂದೆ ನೀಲಿ ಆಕಾಶ ಸಿಗುತ್ತದೆ. ಸಾವಿರಾರು ಬಲ್ಬುಗಳ ಬೆಳಕಿಗೆ ಗೋಪುರವೆಲ್ಲಾ ಬೆಳ್ಳಗೆ ಸುಟ್ಟ ಹಾಗೆ ಬರುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಕ್ಯಾಮೆರಾಗೆ ಬೀಳುವ ಬೆಳಕು ಅರ್ಧಕ್ಕೆ ಇಳಿಸಿ. ಮೊಬೈಲಿನಲ್ಲಾದರೆ ದೀಪದ ಮೇಲೆ ಬೆರಳಿಟ್ಟು ಕೆಳಗೆ ಎಳೆದರೆ ಸಾಮಾನ್ಯವಾಗಿ ಆಗುತ್ತದೆ.

ಇನ್ನು ದೇವರಾಜ ಮಾರುಕಟ್ಟೆ. ಕುಂಕುಮದ ಗುಡ್ಡೆಗಳ ಫೋಟೋ ದಯವಿಟ್ಟು ಸಾಕು, ಎಲ್ಲರ ಹತ್ತಿರವೂ ಇದೆ. ಹೂ ಕಟ್ಟುವ ಕೈ ನೋಡಿ, ಬಾಳೆಗೊನೆ ಇಳಿಸುವವರನ್ನು ನೋಡಿ, ವೀಳ್ಯದೆಲೆ ಎಣಿಸುವವರ ಬೆರಳು ನೋಡಿ. ಮೊದಲು ಒಂದು ಮೊಳ ಮಲ್ಲಿಗೆ ತಗೊಳ್ಳಿ, ನಾಲ್ಕು ಮಾತಾಡಿ, ಆಮೇಲೆ "ಅಣ್ಣಾ, ಒಂದು ಫೋಟೋ ತೆಗೀಲಾ?" ಅಂತ ಕೇಳಿ. ಬೇಡ ಅಂದರೆ ಬೇಡ, ಕದ್ದು ತೆಗೆಯೋದು ಬಿಡಿ. ತೆಗೆದ ಮೇಲೆ ಮುಂದಿನ ಸಲ ಒಂದು ಪ್ರಿಂಟ್ ಕೊಟ್ಟು ನೋಡಿ, ಪಕ್ಕದ ಅಂಗಡಿಯವರೇ ಕರೆಯುತ್ತಾರೆ. ಒಂದು ತೊಂದರೆ ಎಂದರೆ ನೀಲಿ ಟಾರ್ಪಾಲು. ಅದರ ಕೆಳಗೆ ಯಾರನ್ನು ತೆಗೆದರೂ ಮುಖ ನೀಲಿ. ಬಣ್ಣ ಸರಿಪಡಿಸೋಕೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಬದಲಿಸಿದರೆ ಪಕ್ಕದಲ್ಲಿ ಬಿಸಿಲು ಬಿದ್ದ ಜಾಗ ಕೆಂಪಾಗುತ್ತದೆ. ಟಾರ್ಪಾಲು ಮುಗಿಯುವ ಅಂಚಿನಲ್ಲಿ ಕೂತವರನ್ನು ಹುಡುಕುವುದೇ ಸುಲಭ.

ಮನೆಗಳಲ್ಲಿ ಗೊಂಬೆ ಕೂರಿಸಿರುತ್ತಾರಲ್ಲ, ಅದನ್ನೂ ಬಿಡಬೇಡಿ. ಟ್ಯೂಬ್‌ಲೈಟ್ ಆರಿಸಲು ಹೇಳಿ, ಸಂಜೆ ಕಿಟಕಿ ಬೆಳಕಿನಲ್ಲಿ ತೆಗೆಯಿರಿ. ಫ್ಲಾಶ್ ಹಾಕಿದರೆ ಪಟ್ಟದ ಗೊಂಬೆಯ ಬಣ್ಣವೆಲ್ಲಾ ಮಿಂಚಿ ಮುಖವೇ ಕಾಣುವುದಿಲ್ಲ. ಗೊಂಬೆ ಬಾಗಿನಕ್ಕೆ ಮಕ್ಕಳು ಬರುವ ಹೊತ್ತು ಕೇಳಿಕೊಂಡು ಹೋಗಿ, ಅವರ ಕಣ್ಣು ತಿಂಡಿ ತಟ್ಟೆ ಮೇಲಿರುತ್ತದೆ, ಕ್ಯಾಮೆರಾ ಕಡೆ ಯಾರೂ ನೋಡುವುದಿಲ್ಲ.