ಅರಗಿನ ತಟ್ಟೆಯಿಂದ ಬಿಗ್ ಬ್ಯಾಂಡ್ ಇಳಿಸಿಕೊಳ್ಳುವ ಬಗೆ

ಬಿಗ್ ಬ್ಯಾಂಡ್ ಅಂದರೆ ಟ್ರಂಪೆಟ್, ಸ್ಯಾಕ್ಸೊಫೋನುಗಳ ದೊಡ್ಡ ಜಾಝ್ ವಾದ್ಯಮೇಳ. ಅದರ ಹಳೇ ಅಮೆರಿಕನ್ ತಟ್ಟೆಗಳನ್ನು ನಾನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೀಗೆ. ಒಂದೇ ಹಾಡಿನ ಎರಡು ತಟ್ಟೆ ಸಿಕ್ಕರೆ ನಾನು 1942ಕ್ಕೆ ಮುಂಚೆ ಒತ್ತಿದ್ದನ್ನು ಇಟ್ಟುಕೊಳ್ಳುತ್ತೇನೆ. 78ರ ತಟ್ಟೆಯ (ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವ ಹಳೇ ಗ್ರಾಮಫೋನ್ ತಟ್ಟೆಯ) ಅಂಟೆಲ್ಲ ಅರಗಿನದು, ಆ ಅರಗು ಅಮೆರಿಕಕ್ಕೆ ಹೋಗುತ್ತಿದ್ದುದು ಬಹುಪಾಲು ನಮ್ಮ ದೇಶದಿಂದ. ಯುದ್ಧದಲ್ಲಿ ಹಡಗು ಸಾಗಾಟ ಕಷ್ಟವಾಗಿ, 1942ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ರೆಕಾರ್ಡ್ ಕಂಪನಿಗಳ ಅರಗಿನ ಬಳಕೆಯನ್ನು ಶೇ. 70ರಷ್ಟು ಕಡಿತಗೊಳಿಸಿತು. ಜನರಿಂದ ಹಳೇ ತಟ್ಟೆ ವಾಪಸು ಪಡೆದು, ಪುಡಿ ಮಾಡಿ, ಮತ್ತೆ ಒತ್ತಿದರು. ಅಂಥ ತಟ್ಟೆ ಹೊಸದಾಗಿದ್ದಾಗಲೇ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಸದ್ದು ಮಾಡುತ್ತಿತ್ತು. ಅದು ಸವಕಳಿಯಲ್ಲ, ತೊಳೆದರೆ ಹೋಗುವ ಕೊಳೆಯೂ ಅಲ್ಲ.

ಇನ್ನೊಂದು ತಾರೀಖು 1942ರ ಆಗಸ್ಟ್ 1. ಅಂದು ಅಮೆರಿಕದ ವಾದ್ಯಗಾರರ ಸಂಘ ಮುಷ್ಕರ ಹೂಡಿ ರೆಕಾರ್ಡಿಂಗ್ ನಿಲ್ಲಿಸಿತು. ರೆಕಾರ್ಡ್ ಕಂಪನಿಗಳಲ್ಲಿ ಡೆಕ್ಕಾ 1943ರಲ್ಲಿ ರಾಜಿಯಾಯಿತು, ವಿಕ್ಟರ್ ಮತ್ತು ಕೊಲಂಬಿಯಾ 1944ರ ನವೆಂಬರ್‌ವರೆಗೆ ಜಗ್ಗಲಿಲ್ಲ. ಹ್ಯಾರಿ ಜೇಮ್ಸ್ ಬ್ಯಾಂಡಿನ ‘ಐವ್ ಹರ್ಡ್ ದಟ್ ಸಾಂಗ್ ಬಿಫೋರ್’ 1943ರಲ್ಲಿ ರೇಡಿಯೊ ತುಂಬ ಮೊಳಗಿದರೂ ಧ್ವನಿಮುದ್ರಣವಾದದ್ದು ಮುಷ್ಕರದ ಹಿಂದಿನ ದಿನ. ಈ ಅವಧಿಯ ಹೊಸ ಬ್ಯಾಂಡ್ ಸಂಗೀತ ಬೇಕಿದ್ದರೆ ಸೈನಿಕರಿಗಾಗಿ ತಯಾರಿಸಿದ 12 ಇಂಚಿನ ವಿ-ಡಿಸ್ಕ್ ಹುಡುಕಬೇಕು. ಅದು ವಿನೈಲ್ ಜಾತಿಯದು, ಸದ್ದು ಕಡಿಮೆ.

ತೊಳೆಯುವುದಕ್ಕೆ ಅರ್ಧ ಲೀಟರ್ ಡಿಸ್ಟಿಲ್ಡ್ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಬ್ರಶ್ಶು. ಗೆರೆಯ ಗುಂಟವೇ ಉಜ್ಜಿ, ಬರಿ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ತೊಳೆದು ನೆರಳಲ್ಲಿ ಆರಿಸಿ. ಲೇಬಲ್ಲಿಗೆ ನೀರು ತಾಗಬಾರದು. ಸ್ಪಿರಿಟ್ಟು, ಐಸೊಪ್ರೊಪೈಲ್ ಹತ್ತಿರವೂ ತರಬೇಡಿ: ಮರಕ್ಕೆ ಪಾಲಿಶ್ ಹೊಡೆಯುವವರು ಅರಗು ಕರಗಿಸುವುದೇ ಸ್ಪಿರಿಟ್ಟಿನಲ್ಲಿ. ಕೊಲಂಬಿಯಾ ತಟ್ಟೆ ಪದರಪದರವಾಗಿರುತ್ತದೆ, ಬಿರುಕಿದ್ದರೆ ನೀರು ಒಳಗಿಳಿದು ಮೇಲ್ಪದರ ಏಳುತ್ತದೆ. ಅಂಥದ್ದನ್ನು ಒಣ ಬ್ರಶ್ಶಿನಲ್ಲೇ ಮುಗಿಸುತ್ತೇನೆ.

ಎಲ್‌ಪಿಯ (ಆಮೇಲೆ ಬಂದ ವಿನೈಲ್ ತಟ್ಟೆಯ) ಪಿನ್ನು ಇಲ್ಲಿ ನಡೆಯದು. ಅದರ ತುದಿ ಸುಮಾರು 0.7 ಮಿಲ್ (ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ), 78ಕ್ಕೆ ಬೇಕಾದ್ದು 3 ಮಿಲ್, ಅಂದರೆ 76 ಮೈಕ್ರಾನ್. ಸಣ್ಣ ಪಿನ್ನು ಗೆರೆಯ ತಳದ ಕಸದಲ್ಲಿ ಹೊರಳಾಡುತ್ತದೆ, ಗೋಡೆಯಲ್ಲಿರುವ ಹಾಡು ಅದಕ್ಕೆ ಸಿಗುವುದೇ ಇಲ್ಲ. ಆಡಿಯೊ-ಟೆಕ್ನಿಕಾದ ವಿಎಂ95ಎಸ್‌ಪಿ ಕಾರ್ಟ್ರಿಜ್ (ಪಿನ್ನು ಕೂರುವ ತಲೆ) ಸಾಕು, ಗೆರೆಯ ಮೇಲೆ ಪಿನ್ನಿನ ಭಾರ 5 ಗ್ರಾಂ. ಭಾರ ಕಡಿಮೆ ಮಾಡಿದರೆ ತಟ್ಟೆ ಉಳಿಯುತ್ತದೆ ಅಂತ ಕೆಲವರು 2 ಗ್ರಾಂಗೆ ಇಳಿಸುತ್ತಾರೆ. ಆಗ ಪಿನ್ನು ಕುಣಿದು ಗೆರೆಯನ್ನು ಇನ್ನಷ್ಟು ಕೆರೆಯುತ್ತದೆ.

ಹೆಚ್ಚಿನವರು ಎಡವುವುದು ವೇಗದಲ್ಲಿ. ಅಮೆರಿಕದ ತಟ್ಟೆಗೆ ನಿಮಿಷಕ್ಕೆ 78.26 ಸುತ್ತು. ವೇಗ ನೋಡಲು ತಟ್ಟೆಯ ಮೇಲಿಡುವ, ಗೆರೆ ಹಾಕಿದ ದುಂಡು ಕಾಗದವೇ ಸ್ಟ್ರೋಬ್ ಚಕ್ರ: ಕರೆಂಟಿನ ಜೊತೆ ಮಿನುಗುವ ದೀಪದಡಿ ಅದರ ಗೆರೆ ನಿಂತಂತೆ ಕಂಡರೆ ವೇಗ ಸರಿ. ಅಲ್ಲಿನ ಕರೆಂಟು 60 ಹರ್ಟ್ಸ್, ಹಾಗಾಗಿ ಅವರ ಸ್ಟ್ರೋಬ್ ಚಕ್ರಕ್ಕೆ 92 ಗೆರೆ. ಅದನ್ನೇ ಪ್ರಿಂಟ್ ತೆಗೆದು ನಮ್ಮ 50 ಹರ್ಟ್ಸ್ ಬೆಳಕಲ್ಲಿಟ್ಟರೆ ಗೆರೆ ನಿಲ್ಲುವುದು 65 ಸುತ್ತಿಗೆ. ನಮಗೆ 77 ಗೆರೆಯ ಚಕ್ರ ಬೇಕು, ಅದು 77.92 ತೋರಿಸುತ್ತದೆ, ಉಳಿದ ಶೇ. 0.43 ವ್ಯತ್ಯಾಸವನ್ನು ಸಾಫ್ಟ್‌ವೇರಿನಲ್ಲಿ ಸರಿಮಾಡಿ. ಹಳೇ ತಾಮ್ರದ ಚೋಕಿನ ಟ್ಯೂಬ್‌ಲೈಟ್ ಆಗಬೇಕು. ಎಲೆಕ್ಟ್ರಾನಿಕ್ ಚೋಕಿನದಾದರೆ ಗೆರೆ ನಿಲ್ಲುವುದೇ ಕಾಣದು.

ಇದಾದ ಮೇಲೂ ನಾನು ನಂಬುವುದು ಶ್ರುತಿಪೆಟ್ಟಿಗೆಯನ್ನು. ಗ್ಲೆನ್ ಮಿಲ್ಲರ್ ಬ್ಯಾಂಡಿನ ‘ಇನ್ ದ ಮೂಡ್’ ಎ-ಫ್ಲ್ಯಾಟ್‌ನಲ್ಲಿದೆ, ಅಂದರೆ ಐದೂವರೆ ಮನೆ. ಆರಂಭದ ತುಣುಕು ಬಿಟ್ಟು, ಸ್ಯಾಕ್ಸೊಫೋನುಗಳು ಸ-ಗ-ಪ ಸುತ್ತಲು ಶುರುಮಾಡಿದಾಗ ಪೆಟ್ಟಿಗೆ ಹಾಕಿ. ವೇಗ ಸರಿಯಿದ್ದರೆ ಷಡ್ಜ 415 ಹರ್ಟ್ಸ್ ಹತ್ತಿರ ಕೂರುತ್ತದೆ. ಟರ್ನ್‌ಟೇಬಲ್ 80ರಲ್ಲಿ ಓಡುತ್ತಿದ್ದರೆ ಅದು 424 ದಾಟಿ, ಪೆಟ್ಟಿಗೆಯ ಜೊತೆ ಬಡಿದಾಡುವುದು ಯಾರ ಕಿವಿಗೂ ಗೊತ್ತಾಗುತ್ತದೆ.

ರೆಕಾರ್ಡ್ ಮಾಡುವಾಗ 24 ಬಿಟ್, 96 ಕಿಲೊಹರ್ಟ್ಸ್, ಸ್ಟೀರಿಯೊ. ಹಾಡು ಮೊನೊ ಆದರೂ ಸ್ಟೀರಿಯೊ ಏಕೆಂದರೆ ಗೆರೆಯ ಎರಡು ಗೋಡೆ ಒಂದೇ ಸಮ ಸವೆದಿರುವುದಿಲ್ಲ. ಎಡ, ಬಲ ಬೇರೆಬೇರೆ ಕೇಳಿ. ಎರಡೂ ಚೆನ್ನಾಗಿದ್ದರೆ ಕೂಡಿಸಿ: ಪಿನ್ನು ಮೇಲೆಕೆಳಗೆ ಜಿಗಿದದ್ದರ ಸದ್ದು ಅಲ್ಲೇ ರದ್ದಾಗುತ್ತದೆ. ಒಂದು ಕೆಟ್ಟಿದ್ದರೆ ಒಳ್ಳೆಯದನ್ನು ಮಾತ್ರ ಇಟ್ಟುಕೊಳ್ಳಿ.

ಇನ್ನು ಈಕ್ವಲೈಸೇಶನ್: ತಟ್ಟೆ ಕೊರೆಯುವಾಗ ಮಂದ್ರದ ಸದ್ದನ್ನು ತಗ್ಗಿಸಿರುತ್ತಾರೆ, ನುಡಿಸುವಾಗ ಅಷ್ಟನ್ನೇ ಏರಿಸಬೇಕು. ಪ್ರೀಆಂಪಿನಲ್ಲಿ (ಪಿನ್ನಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆಯಲ್ಲಿ) ಇದಕ್ಕಿರುವ ಆರ್‌ಐಎಎ ಅಳತೆ 1954ರ ಸುಮಾರಿಗೆ ಬಂದದ್ದು, ಈ ತಟ್ಟೆಗಳು ಅದಕ್ಕೂ ಹಳೆಯವು. ಕೊಲಂಬಿಯಾ 300 ಹರ್ಟ್ಸ್‌ನಿಂದ ಕೆಳಗೆ ತಗ್ಗಿಸುತ್ತಿತ್ತು, ಆರ್‌ಐಎಎ 500ರಿಂದ. ಹಾಗೇ ಬಿಟ್ಟರೆ ಡಬಲ್ ಬಾಸ್ ನಾಲ್ಕು ಡೆಸಿಬೆಲ್‌ನಷ್ಟು ಊದಿಕೊಂಡಿರುತ್ತದೆ. ಆಡಾಸಿಟಿ ಎಂಬ ಧ್ವನಿ ಸಾಫ್ಟ್‌ವೇರಿನಲ್ಲಿ ಮೊದಲು ಆರ್‌ಐಎಎಯನ್ನು ತಿರುಗಿಸಿ ತೆಗೆದು, ಆಮೇಲೆ ಕೊಲಂಬಿಯಾ 78 ಅಥವಾ ಆರ್‌ಸಿಎ ವಿಕ್ಟರ್ 1938 ಎಂಬ ಅಳತೆ ಹಾಕುತ್ತೇನೆ. ಕೊನೆಯ ಮಾತು ಕಿವಿಯದು.

ಸಿಡಿತ ತೆಗೆಯುವ ಸ್ವಯಂಚಾಲಿತ ಫಿಲ್ಟರ್ ಬಿಗ್ ಬ್ಯಾಂಡಿಗೆ ಅಪಾಯ. ಟ್ರಂಪೆಟ್ಟಿನ ಅಲೆ ಮೊನಚಾಗಿರುತ್ತದೆ, ಯಂತ್ರಕ್ಕೆ ಅದೂ ಸಿಡಿತದಂತೆಯೇ ಕಂಡು ತುದಿ ಕತ್ತರಿಸುತ್ತದೆ. ಫಿಲ್ಟರ್ ತೆಗೆದುಹಾಕಿದ್ದನ್ನಷ್ಟೇ ಬೇರೆಯಾಗಿ ಕೇಳಿ. ಅದರಲ್ಲಿ ತಾಳ ಕೇಳಿಸಿದರೆ ಫಿಲ್ಟರ್ ಸಂಗೀತವನ್ನೇ ತಿಂದಿದೆ. ದೊಡ್ಡ ಸಿಡಿತಗಳನ್ನು ಕೈಯಲ್ಲೇ ತೆಗೆಯುತ್ತೇನೆ, ಮೂರು ನಿಮಿಷದ ಹಾಡಿಗೆ ಒಂದು ಗಂಟೆ ಹಿಡಿದರೂ ಸರಿ.

ಹಿಸ್ (ಹಿನ್ನೆಲೆಯ ಸುಯ್ ಎನ್ನುವ ಸದ್ದು) ಇಳಿಸುವುದಕ್ಕೆ ಸದ್ದಿನ ಮಾದರಿಯನ್ನು ಹಾಡು ಶುರುವಾಗುವ ಮುಂಚಿನ ಖಾಲಿ ಗೆರೆಯಿಂದ ತೆಗೆದು, 6 ಡೆಸಿಬೆಲ್‌ಗೆ ನಿಲ್ಲಿಸಿ. 12ಕ್ಕೆ ಹೋದರೆ ಏನಾಗುತ್ತದೆಂದು ‘ಇನ್ ದ ಮೂಡ್’ ಕೊನೆಯಲ್ಲಿ ಗೊತ್ತಾಗುತ್ತದೆ. ಅಲ್ಲಿ ಅದೇ ಸಾಲು ಸಲಸಲಕ್ಕೂ ಮೆತ್ತಗಾಗುತ್ತ, ಮುಗಿದೇ ಹೋಯಿತು ಅನ್ನಿಸಿ, ಮತ್ತೆ ಇಡೀ ಬ್ಯಾಂಡ್ ಎದ್ದು ಬರುತ್ತದೆ. ಆ ಮೆತ್ತನೆಯ ಸುತ್ತುಗಳಲ್ಲಿ ಸ್ಯಾಕ್ಸೊಫೋನು ಸದ್ದಿಗಿಂತ ಸ್ವಲ್ಪವೇ ಮೇಲಿರುತ್ತದೆ. 12ರಲ್ಲಿ ಅದು ನೀರಿನೊಳಗಿಂದ ಊದಿದಂತಾಗುತ್ತದೆ. ರೆಕಾರ್ಡಿಂಗ್ ಲೆವೆಲ್ಲನ್ನೂ ಮೊದಲು ಆ ಕೊನೆಯ ಅಬ್ಬರವನ್ನೇ ನುಡಿಸಿ ನೋಡಿ, ಮೈನಸ್ 6 ಡೆಸಿಬೆಲ್‌ಗೆ ಕಟ್ಟುತ್ತೇನೆ. ತಾನಾಗಿ ಲೆವೆಲ್ ಏರಿಳಿಸುವ ಸೌಲಭ್ಯವಿದ್ದರೆ ಆಫ್ ಮಾಡಿ.