ಮನೆಯ ಇಂಟರ್ನೆಟ್ ನಿಂತಾಗ: ಎಲ್‌ಒಎಸ್, ಡಿಎನ್‌ಎಸ್ ಮೊದಲಾದ ಪದಗಳನ್ನು ಓದುವ ಬಗೆ

ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯ ಒಂಟಿ ಮನೆಗಳಲ್ಲಿ ಮಳೆಗಾಲದ ನಡುವೆ ಇಂಟರ್ನೆಟ್ ನಿಂತರೆ ಲೈನ್‌ಮ್ಯಾನ್ ಬರುವುದು ಸುಲಭವಲ್ಲ. ‘ನೆಟ್ ಬರುತ್ತಿಲ್ಲ’ ಎಂದಷ್ಟೇ ತಿಳಿಸಿದರೆ ಏನನ್ನು ಹೊತ್ತು ತರಬೇಕೆಂದು ಅವರಿಗೆ ಗೊತ್ತಾಗುವುದಿಲ್ಲ. ‘ಎಲ್‌ಒಎಸ್ ದೀಪ ಕೆಂಪಾಗಿದೆ’ ಎಂದರೆ ಫೈಬರ್ ಜೋಡಿಸುವ ಸ್ಪ್ಲೈಸಿಂಗ್ ಯಂತ್ರದೊಂದಿಗೇ ಹೊರಡುತ್ತಾರೆ. ಆದ್ದರಿಂದ ಈ ಸಂಕ್ಷೇಪಗಳನ್ನು, ಸಂಕೇತವು ರಸ್ತೆಯ ಕಂಬದಿಂದ ನಿಮ್ಮ ಕೈಯ ಫೋನಿನವರೆಗೆ ಬರುವ ದಾರಿಯಲ್ಲೇ ಒಂದೊಂದಾಗಿ ತಿಳಿದುಕೊಳ್ಳುವುದು ಮೇಲು.

ಮೊದಲು ಗೋಡೆಯ ಮೇಲಿನ ಪೆಟ್ಟಿಗೆಯನ್ನು ನೋಡಿ. ನಾವೆಲ್ಲ ಮೋಡೆಮ್ ಎಂದು ಕರೆಯುವ ಇದು ಒಎನ್‌ಟಿ, ಅಂದರೆ ಆಪ್ಟಿಕಲ್ ನೆಟ್‌ವರ್ಕ್ ಟರ್ಮಿನಲ್. ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಇದರ ಕೆಲಸ. ಇದರ ಮೇಲಿನ ಪಿಒಎನ್ ದೀಪದ ಹೆಸರು ಪ್ಯಾಸಿವ್ ಆಪ್ಟಿಕಲ್ ನೆಟ್‌ವರ್ಕ್ ಎಂಬುದರಿಂದ ಬಂದಿದೆ. ಕಂಪನಿಯ ಕೇಂದ್ರವಾದ ಎಕ್ಸ್‌ಚೇಂಜಿನ ಒಎಲ್‌ಟಿ (ಆಪ್ಟಿಕಲ್ ಲೈನ್ ಟರ್ಮಿನಲ್) ಯಂತ್ರದಿಂದ ಹೊರಟ ಒಂದೇ ಫೈಬರ್ ಅನ್ನು, ವಿದ್ಯುತ್ತೇ ಬೇಡದ ಸ್ಪ್ಲಿಟರ್ ಎಂಬ ಸಣ್ಣ ಸಾಧನವು 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಊರಿನಲ್ಲಿ ಕರೆಂಟ್ ಹೋದರೂ ಇನ್‌ವರ್ಟರ್ ಇರುವ ಮನೆಯಲ್ಲಿ ಇಂಟರ್ನೆಟ್ ಉಳಿಯಲು ಸಾಧ್ಯವಾಗುವುದು ಇದರಿಂದಲೇ. ಅಕ್ಕಪಕ್ಕದ ಮನೆಗಳಲ್ಲೂ ನಿಂತಿದ್ದರೆ ತೊಂದರೆ ಸ್ಪ್ಲಿಟರ್‌ನಲ್ಲಿ ಅಥವಾ ಅದರಾಚೆ ಎಕ್ಸ್‌ಚೇಂಜಿನ ಕಡೆಗಿದೆಯೆಂದೂ, ನಿಮ್ಮಲ್ಲಿ ಮಾತ್ರ ನಿಂತಿದ್ದರೆ ಬಹುಮಟ್ಟಿಗೆ ನಿಮ್ಮ ಮನೆಗೆ ಬರುವ ಎಳೆಯಲ್ಲಿದೆಯೆಂದೂ ಊಹಿಸಬಹುದು.

ಪಿಒಎನ್ ಹಸಿರಾಗಿ ಸ್ಥಿರವಾಗಿದ್ದರೆ ಎಕ್ಸ್‌ಚೇಂಜಿನವರೆಗಿನ ಕೊಂಡಿ ಸರಿಯಾಗಿದೆ. ಅದು ಮಿನುಗುತ್ತಲೇ ಇದ್ದರೆ ಬೆಳಕು ಬರುತ್ತಿದ್ದರೂ ಎಕ್ಸ್‌ಚೇಂಜಿನಲ್ಲಿ ನಿಮ್ಮ ಒಎನ್‌ಟಿಯ ನೋಂದಣಿ ಪೂರ್ಣವಾಗಿಲ್ಲ. ಎಲ್‌ಒಎಸ್, ಅಂದರೆ ಲಾಸ್ ಆಫ್ ಸಿಗ್ನಲ್, ಕೆಂಪಾಗಿದ್ದರೆ ಬೆಳಕೇ ತಲುಪುತ್ತಿಲ್ಲ ಅಥವಾ ಸಾಲದಷ್ಟು ಕ್ಷೀಣಿಸಿದೆ. ಇದಕ್ಕೆ ನಮ್ಮಲ್ಲಿ ಸಾಮಾನ್ಯ ಕಾರಣ ತಂತಿಯ ಮೇಲೆ ಬಿದ್ದ ಮರದ ಕೊಂಬೆ. ದೂರು ಕೊಡುವ ಮೊದಲು ಫೈಬರ್‌ನ ತುದಿಯ ಪ್ಲಗ್ ಭದ್ರವಾಗಿದೆಯೇ, ಎಳೆ ಎಲ್ಲಾದರೂ ಚೂಪಾಗಿ ಮಡಿಚಿಕೊಂಡಿದೆಯೇ ಎಂದು ನೋಡಿ. ಬಿಚ್ಚಿದ ತುದಿಯನ್ನು ಕಣ್ಣಿನ ಎದುರು ಎಂದಿಗೂ ಹಿಡಿಯಬೇಡಿ. ಅದರಲ್ಲಿ ಹರಿಯುವ 1490 ನ್ಯಾನೋಮೀಟರ್ ತರಂಗಾಂತರದ ಲೇಸರ್ ಕಣ್ಣಿಗೆ ಕಾಣುವುದಿಲ್ಲ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದು ಡಿಬಿಎಂ ಎಂಬ, ಬೆಳಕಿನ ಬಲದ ಅಳತೆ. ಫೋನಿನ ಬ್ರೌಸರ್‌ನಲ್ಲಿ ಒಎನ್‌ಟಿಯ ವಿಳಾಸವನ್ನು, ಸಾಮಾನ್ಯವಾಗಿ 192.168.1.1 ಅನ್ನು, ತೆರೆದು ಒಳಹೊಕ್ಕರೆ ‘ಆರ್‌ಎಕ್ಸ್ ಪವರ್’, ಅಂದರೆ ಒಳಬಂದ ಬೆಳಕಿನ ಬಲ, ಎಂಬ ಸಾಲು ಸಿಗುತ್ತದೆ. ಅದು −20ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಜಿಪಿಒಎನ್ (ಗಿಗಾಬಿಟ್ ವೇಗದ ಪಿಒಎನ್) ಉಪಕರಣಗಳಿಗೆ ಸಾಮಾನ್ಯವಾಗಿ −27 ಕೊನೆಯ ಮಿತಿ. ಪ್ರತಿ 3 ಡೆಸಿಬೆಲ್ ಇಳಿದಾಗಲೂ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಎಲ್ಲವೂ ಸರಿಯಿರುವ ದಿನವೇ ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮುಂದೆ −21 ಇದ್ದದ್ದು −25 ಆದರೆ ಇಂಟರ್ನೆಟ್ ಇನ್ನೂ ನಡೆಯುತ್ತಿದ್ದರೂ ಎಲ್ಲೋ ಜೋಡಣೆ ಹಾಳಾಗುತ್ತಿದೆಯೆಂದು ಮೊದಲೇ ತಿಳಿಸಬಹುದು.

ಮನೆಯೊಳಗಿನ ಹಂಚಿಕೆ ಲ್ಯಾನ್, ಅಂದರೆ ಲೋಕಲ್ ಏರಿಯಾ ನೆಟ್‌ವರ್ಕ್. ಜಂಬಿಟ್ಟಿಗೆಯ ದಪ್ಪ ಗೋಡೆಗಳನ್ನು 5 ಗಿಗಾಹರ್ಟ್ಸ್ ವೈಫೈಗಿಂತ 2.4 ಗಿಗಾಹರ್ಟ್ಸ್ ವೈಫೈ ಚೆನ್ನಾಗಿ ದಾಟುತ್ತದೆ. ವೇಗ ಮಾತ್ರ ಕಡಿಮೆ. ದೂರದ ಕೋಣೆಗೆ ಈಥರ್ನೆಟ್ ಕೇಬಲ್ ಎಳೆದರೆ 100 ಮೀಟರ್ ಮೀರಬಾರದು. ಗುಡುಗಿನ ದಿನಗಳಲ್ಲಿ ಅಡಾಪ್ಟರನ್ನೂ ಹೊರಗೆ ಹಾದುಹೋಗುವ ತಾಮ್ರದ ಕೇಬಲನ್ನೂ ಕಳಚಿಡಿ. ಗಾಜು ವಿದ್ಯುತ್ತನ್ನು ಒಯ್ಯದಿದ್ದರೂ ಇವೆರಡು ಒಯ್ಯುತ್ತವೆ.

ದೀಪಗಳೆಲ್ಲ ಸರಿಯಿದ್ದೂ ಪುಟ ತೆರೆಯದಿದ್ದರೆ, ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆಯಾದ ಐಪಿ ವಿಳಾಸವನ್ನು ನೋಡಬೇಕು. ಪ್ರತಿ ಸಾಧನಕ್ಕೂ ಈ ವಿಳಾಸವನ್ನು ತಾನಾಗಿ ಕೊಡುವ ವ್ಯವಸ್ಥೆ ಡಿಎಚ್‌ಸಿಪಿ. ಕಂಪ್ಯೂಟರ್‌ನಲ್ಲಿ 169.254 ಎಂದು ಮೊದಲಾಗುವ ವಿಳಾಸ ಕಂಡರೆ ಅದಕ್ಕೆ, ಮನೆಯ ಸಾಧನಗಳಿಗೆ ಇಂಟರ್ನೆಟ್ ಹಂಚುವ ರೂಟರಿನಿಂದ ವಿಳಾಸ ದೊರೆತಿಲ್ಲ. ರೂಟರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ. ವಿಳಾಸ ಸರಿಯಿದ್ದು ಜಾಲತಾಣಗಳು ಮಾತ್ರ ಹೆಸರಿನಿಂದ ತೆರೆಯದಿದ್ದರೆ, ಹೆಸರನ್ನು ಐಪಿ ವಿಳಾಸಕ್ಕೆ ಹೊಂದಿಸುವ ಡಿಎನ್‌ಎಸ್‌ನಲ್ಲಿ ತೊಂದರೆಯಿರಬಹುದು, ಸೆಟ್ಟಿಂಗ್ಸ್‌ನಲ್ಲಿ 8.8.8.8 ಅಥವಾ 1.1.1.1 ಎಂದು ನಮೂದಿಸಿ ನೋಡಿ.

ಅಡಿಕೆ ಒಣಗಿಸುವ ಅಂಗಳಕ್ಕೆ ಕ್ಯಾಮೆರಾ ಹಾಕಿಸಿಕೊಳ್ಳುವವರು ಸಿಜಿನ್ಯಾಟ್ ಎಂಬುದನ್ನು ಅರಿತಿರಬೇಕು. ರೂಟರಿನ ವ್ಯಾನ್ ವಿಳಾಸವು, ಅಂದರೆ ಕಂಪನಿಯ ಕಡೆಯಿಂದ ಅದಕ್ಕೆ ಸಿಕ್ಕ ವಿಳಾಸವು, 100.64ರಿಂದ 100.127ರ ನಡುವೆ ಇದ್ದರೆ, ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಕಂಪನಿಯು ಅನೇಕ ಗ್ರಾಹಕರಿಗೆ ಹಂಚಿದೆ; ಇದೇ ಸಿಜಿನ್ಯಾಟ್. ಆಗ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನ ಕೋರಿಕೆಯನ್ನು ರೂಟರ್ ಕ್ಯಾಮೆರಾಗೆ ತಿರುಗಿಸುವ ಏರ್ಪಾಡು, ಮಾಡಿ ಹೊರಗಿನಿಂದ ಕ್ಯಾಮೆರಾ ನೋಡಲಾಗದು. ಬದಲಾಗದ ಸ್ವಂತ ವಿಳಾಸವಾದ ಸ್ಟ್ಯಾಟಿಕ್ ಐಪಿ ಕೇಳಬೇಕು ಅಥವಾ ಕ್ಲೌಡ್ ಸೌಲಭ್ಯವಿರುವ ಕ್ಯಾಮೆರಾ ಕೊಳ್ಳಬೇಕು. ವೇಗದ ವಿಷಯದಲ್ಲಿ ನೆನಪಿಡಬೇಕಾದದ್ದು ಇಷ್ಟೆ: ಕಂಪನಿಗಳು ಹೇಳುವುದು ಮೆಗಾಬಿಟ್, ಡೌನ್‌ಲೋಡ್‌ನಲ್ಲಿ ಹೆಚ್ಚಾಗಿ ಕಾಣುವುದು ಮೆಗಾಬೈಟ್, ಮತ್ತು ಒಂದು ಬೈಟ್‌ಗೆ 8 ಬಿಟ್.

ಟವರ್ ಸಿಗದ ಕಣಿವೆಯ ಮನೆಗಳಿಗೆ ನಿಜಕ್ಕೂ ವರವಾಗಿರುವುದು ವೋವೈಫೈ, ಅಂದರೆ ವೈಫೈ ಮೂಲಕ ಸಾಮಾನ್ಯ ಕರೆ. ನಿಮ್ಮ ಫೋನ್ ಮತ್ತು ಸಿಮ್ ಕಂಪನಿ ಎರಡರಲ್ಲೂ ಈ ಸೌಲಭ್ಯವಿದ್ದರೆ, ಸಿಮ್ ಸೆಟ್ಟಿಂಗ್ಸ್‌ನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿ, ಅದೇ ನಂಬರಿನಿಂದ ಮಾತನಾಡಬಹುದು. ಕರೆಂಟ್ ಹೋದೊಡನೆ ಈ ಕರೆಯೂ ನಿಲ್ಲುವುದರಿಂದ, ವಯಸ್ಸಾದವರಷ್ಟೇ ಇರುವ ಮನೆಗಳಲ್ಲಿ ಒಎನ್‌ಟಿಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ. ಕೊಳ್ಳುವಾಗ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟೇಜ್‌ಗೆ, ಸಾಮಾನ್ಯವಾಗಿ 12 ವೋಲ್ಟ್‌ಗೆ, ಅದು ಹೊಂದುತ್ತದೆಯೇ ಎಂದು ನೋಡಿಕೊಳ್ಳಿ.